ಡ್ರಮ್ ಬಾರಿಸುವ ಕೈಗೆ ಬಿಗಿತದ ಬಾಧೆ

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಕಛೇರಿ ಎಂದರೆ ಮೂರು ಗಂಟೆಗೂ ಮೀರಿದ ಆರ್ಭಟ. ಹಾಡುಗಾರ ನೀರು ಕುಡಿಯಲು ನಿಲ್ಲಬಹುದು, ಗಿಟಾರ್ ವಾದಕ ಒಂದೆರಡು ಸಾಲು ಬಿಡಬಹುದು, ಹಿಂದೆ ಕೂತ ಡ್ರಮ್ಮರ್‌ಗೆ ಮಾತ್ರ ಬಿಡುವಿಲ್ಲ. ಆ ಜಾಗದಲ್ಲಿ ದಶಕಗಳ ಕಾಲ ಕೂತವರು ಮ್ಯಾಕ್ಸ್ ವೈನ್‌ಬರ್ಗ್. ಬಾರಿಸಿ ಬಾರಿಸಿ ಅವರ ಕೈಯ ಸ್ನಾಯುರಜ್ಜುಗಳು ಸೋತವು, ಹಲವು ಶಸ್ತ್ರಚಿಕಿತ್ಸೆಗಳು ನಡೆದವು. ಹೆಸರು ಮಾಡಿದ ಮೇಲೂ ಅವರು ಮತ್ತೊಬ್ಬರ ಬಳಿ ಶಿಷ್ಯರಾಗಿ ಹೋದರು. ಗುರು ಜೋ ಮೊರೆಲ್ಲೊ, ಡೇವ್ ಬ್ರುಬೆಕ್ ಜಾಝ್ ತಂಡದಲ್ಲಿ 'ಟೇಕ್ ಫೈವ್' ನುಡಿಸಿದ ಮೃದುಗೈಯ ಡ್ರಮ್ಮರ್. ಕಡ್ಡಿ ಹಿಡಿಯುವ ಬಗೆಯಿಂದಲೇ ಪಾಠ ಶುರುವಾಗಬೇಕಿತ್ತು.

ಕೆನಡಾದ 'ರಶ್' ರಾಕ್ ತಂಡದ ಡ್ರಮ್ಮರ್ ನೀಲ್ ಪಿಯರ್ಟ್ ಕೂಡ ಇಪ್ಪತ್ತು ವರ್ಷ ತಂಡದಲ್ಲಿ ಬಾರಿಸಿದ ಮೇಲೆ, 1990ರ ದಶಕದಲ್ಲಿ, ಫ್ರೆಡ್ಡಿ ಗ್ರೂಬರ್ ಎಂಬ ಗುರುವಿನ ಬಳಿ ತಮ್ಮ ವಾದನವನ್ನು ಮೊದಲಿನಿಂದ ತಿದ್ದಿಕೊಂಡರು. ಆದರೂ ವಯಸ್ಸು ಅರವತ್ತು ದಾಟಿದಾಗ ಸ್ನಾಯುರಜ್ಜಿನ ನೋವು, ಭುಜದ ತೊಂದರೆ ಬೆನ್ನುಹತ್ತಿದವು. 2015ರ ಆಗಸ್ಟ್ 1ರಂದು ಲಾಸ್ ಏಂಜಲೀಸ್ ಬಳಿ ನಡೆದ ಕಛೇರಿಯೇ ರಶ್ ಜೊತೆಗಿನ ಅವರ ಕೊನೆಯ ಪ್ರವಾಸದ ಮುಕ್ತಾಯವಾಯಿತು.

ಇವು ಅಪರೂಪದ ಪ್ರಕರಣಗಳಲ್ಲ. ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದ ಸಂಶೋಧಕಿ ನಾಡಿಯಾ ಅಜಾರ್ 831 ಡ್ರಮ್ಮರ್‌ಗಳನ್ನು ಪ್ರಶ್ನಿಸಿ 2020ರಲ್ಲಿ ವರದಿ ಪ್ರಕಟಿಸಿದರು. ವಾದನದಿಂದಾಗಿ ಸ್ನಾಯು, ಕೀಲುಗಳ ನೋವು ತಮಗೆ ಒಮ್ಮೆಯಾದರೂ ಬಂದಿತ್ತು ಎಂದವರು ಶೇ 68. ಹೆಚ್ಚು ಪೆಟ್ಟು ತಿಂದದ್ದು ತೋಳು, ಮೊಣಕೈ, ಮಣಿಕಟ್ಟುಗಳೇ.

ನೋವು ಹುಟ್ಟುವುದು ಎಲ್ಲಿ?

ಮೊಣಕೈ ಮಡಚಿ ಹೊರಬದಿಯನ್ನು ಮುಟ್ಟಿ ನೋಡಿದರೆ ಸಣ್ಣದೊಂದು ಮೂಳೆಯ ಉಬ್ಬು ಸಿಗುತ್ತದೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳಲ್ಲಿ ಬಹುಪಾಲು ಆ ಬೆರಳಗಲದ ಜಾಗಕ್ಕೇ ಅಂಟಿಕೊಂಡಿವೆ. ಈಗ ಎಡಗೈಯನ್ನು ಬಲ ಮುಂಗೈಯ ಹಿಂಬದಿಗೆ ಇಟ್ಟು, ಬಲ ಮುಷ್ಟಿಯನ್ನು ಬಿಗಿ ಮಾಡಬೇಕು. ಬೆರಳು ಮಡಚುತ್ತಿರುವುದು ಒಳಬದಿಯ ಸ್ನಾಯುಗಳು, ಆದರೆ ಗಟ್ಟಿಯಾಗುವುದು ಹಿಂಬದಿಯೂ ಹೌದು. ಬೆರಳುಗಳ ಎಳೆತಕ್ಕೆ ಮಣಿಕಟ್ಟು ಒಳಕ್ಕೆ ಬಾಗದಂತೆ ಹಿಂಬದಿಯ ಸ್ನಾಯುಗಳು ತಡೆದು ನಿಲ್ಲಿಸುತ್ತವೆ. ಅಂದರೆ ಏನನ್ನೇ ಬಿಗಿಯಾಗಿ ಹಿಡಿದರೂ ಹೊರೆ ಬೀಳುವುದು ಮೊಣಕೈಯ ಆ ಉಬ್ಬಿನ ಮೇಲೆ.

ಡ್ರಮ್ಮರ್ ಕೈಯಲ್ಲಿ ಈ ಹೊರೆ ಎಷ್ಟು ಸಲ ಬೀಳುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ನಿಮಿಷಕ್ಕೆ 120 ಮಾತ್ರೆಗಳ ಲಯದಲ್ಲಿ, ಮಾತ್ರೆಗೆ ಎರಡರಂತೆ ಹೈ-ಹ್ಯಾಟ್ ಬಾರಿಸಿದರೆ ಒಂದೇ ಕೈಗೆ ನಿಮಿಷಕ್ಕೆ 240 ಪೆಟ್ಟು. ನಾಲ್ಕು ನಿಮಿಷದ ಹಾಡಿಗೆ 960. ಅಂಥ ಹದಿನೈದು ಹಾಡುಗಳ ಒಂದು ಸಂಜೆಗೆ 14,400.

ಇಷ್ಟು ಪೆಟ್ಟುಗಳನ್ನು ಕೈ ತಾಳಿಕೊಳ್ಳಬಲ್ಲದು, ಅರ್ಧ ಕೆಲಸವನ್ನು ವಾದ್ಯಕ್ಕೇ ಬಿಟ್ಟರೆ. ನೆಲಕ್ಕೆ ಬಿದ್ದ ಚೆಂಡಿನಂತೆ ಕಡ್ಡಿಯೂ ಬಿಗಿದ ಚರ್ಮದಿಂದ ತಾನಾಗಿ ಪುಟಿಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಡ್ಡಿ ತೂಗಾಡುವಷ್ಟು ಸಡಿಲವಿದ್ದರೆ ಆ ಪುಟಿತವೇ ಅದನ್ನು ಮೇಲಕ್ಕೆ ತರುತ್ತದೆ. ಮುಷ್ಟಿ ಬಿಗಿದಾಗ ಪುಟಿತ ಅಲ್ಲೇ ಸಾಯುತ್ತದೆ. ಅದುರುವಿಕೆ ನೇರ ಮುಂಗೈಗೆ ಏರುತ್ತದೆ, ಮುಂದಿನ ಪೆಟ್ಟಿಗೆ ಕಡ್ಡಿಯನ್ನು ಸ್ನಾಯುವೇ ಎತ್ತಬೇಕಾಗುತ್ತದೆ.

ಸಚಿನ್ ಪರಿಚಯಿಸಿದ ಕಾಯಿಲೆ

ಮೊಣಕೈಯ ಹೊರಬದಿಯ ಈ ನೋವಿನ ಪ್ರಚಲಿತ ಹೆಸರು ಟೆನ್ನಿಸ್ ಎಲ್ಬೋ. 2004ರಲ್ಲಿ ಸಚಿನ್ ತೆಂಡೂಲ್ಕರ್ ಇದೇ ಕಾರಣಕ್ಕೆ ಪಂದ್ಯಗಳಿಂದ ಹೊರಗುಳಿದು, 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಭಾರತದ ಮನೆಮನೆಗೂ ಇದರ ಪರಿಚಯವಾಯಿತು. ವೈದ್ಯಕೀಯ ದಾಖಲೆಗೆ ಇದು ಬಂದದ್ದು 1873ರಲ್ಲಿ. ಜರ್ಮನಿಯ ವೈದ್ಯ ರುಂಗೆ ಇದನ್ನು ಕಂಡದ್ದು ಬರವಣಿಗೆಯ ಕೈಯಲ್ಲಿ. ಲೇಖನಿಯಾಗಲಿ, ಬ್ಯಾಟ್ ಆಗಲಿ, ಸ್ಪ್ಯಾನರ್ ಆಗಲಿ, ಡ್ರಮ್ ಕಡ್ಡಿಯಾಗಲಿ, ಬಿಗಿಹಿಡಿತ ಮತ್ತು ಪುನರಾವರ್ತನೆ ಕೂಡಿದಲ್ಲೆಲ್ಲ ಇದು ಬರಬಹುದು.

ಬಹುಕಾಲ ಇದನ್ನು ಉರಿಯೂತ ಎಂದೇ ಭಾವಿಸಲಾಗಿತ್ತು. 1979ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ನಿರ್ಶಲ್ ಮತ್ತು ಪೆಟ್ರೋನ್ ನೀಡಿದ ವಿವರಣೆ ಆ ತಿಳಿವಳಿಕೆಯನ್ನು ಬದಲಿಸಿತು. ಹಳೆಯ ನೋವಿನಲ್ಲಿ ಕಾಣುವುದು ಉರಿಯೂತಕ್ಕಿಂತ ಹೆಚ್ಚಾಗಿ ಸವೆತ: ಸ್ನಾಯುರಜ್ಜಿನ ಎಳೆಗಳು ಕ್ರಮ ತಪ್ಪಿ, ದುರಸ್ತಿ ಅರ್ಧಕ್ಕೇ ನಿಂತಿರುತ್ತದೆ.

ನೋವು ಕಂಡೊಡನೆ ಸ್ಟಿರಾಯ್ಡ್ ಚುಚ್ಚುಮದ್ದಿಗೆ ಮುಗಿಬೀಳುವವರು ಇದನ್ನು ತಿಳಿದಿರಬೇಕು. ಆಸ್ಟ್ರೇಲಿಯಾದಲ್ಲಿ 165 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟಿರಾಯ್ಡ್ ಪಡೆದವರಲ್ಲಿ ಶೇ 54 ಮಂದಿಗೆ ವರ್ಷದೊಳಗೆ ನೋವು ಮರಳಿತು. ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಮರಳಿದ್ದು ಶೇ 12 ಮಂದಿಗೆ ಮಾತ್ರ. ನಾಳೆಯ ಕಛೇರಿಗೆಂದು ಇಂದು ಚುಚ್ಚಿಸಿಕೊಂಡು, ನೋವಿಲ್ಲವೆಂಬ ಧೈರ್ಯದಲ್ಲಿ ಮತ್ತಷ್ಟು ಜೋರಾಗಿ ಬಾರಿಸುವ ವಾದಕರಿಗೆ ಇದು ಇನ್ನೂ ದುಬಾರಿ.

ಪೂರ್ತಿ ನಿಲ್ಲಿಸುವುದೂ ಅಲ್ಲ, ಹಲ್ಲುಕಚ್ಚುವುದೂ ಅಲ್ಲ

ಸಮಾಧಾನದ ಸಂಗತಿಯೆಂದರೆ, ಬಹುತೇಕ ಮಂದಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ಒಂದು, ಒಂದೂವರೆ ವರ್ಷದೊಳಗೆ ಗುಣವಾಗುತ್ತದೆ. ಆದರೆ ಆ ಅವಧಿಯನ್ನು ಕಳೆಯುವ ರೀತಿ ಮುಖ್ಯ. ತಿಂಗಳುಗಟ್ಟಲೆ ಕಡ್ಡಿ ಮುಟ್ಟದೆ ಕೂತರೆ ಸ್ನಾಯುರಜ್ಜು ಇನ್ನಷ್ಟು ದುರ್ಬಲವಾಗುತ್ತದೆ. ನೋವು ನುಂಗಿ ಬಾರಿಸಿದರೆ ಹಾನಿ ಬೆಳೆಯುತ್ತದೆ. ಫಿಸಿಯೋಥೆರಪಿಸ್ಟ್‌ಗಳು ಸೂಚಿಸುವುದು ನಡುವಿನ ದಾರಿ: ನೋವು ಕೆರಳಿಸುವ ಪೆಟ್ಟುಗಳನ್ನು ತಗ್ಗಿಸಿ, ಸ್ನಾಯುರಜ್ಜಿಗೆ ಅಳತೆಯ ಕೆಲಸ ಕೊಡುವುದು.

ಅಂಥದ್ದೊಂದು ವ್ಯಾಯಾಮಕ್ಕೆ ಮೇಜು ಮತ್ತು ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಾಚೆ ಇಳಿಬಿಟ್ಟು ಬಾಟಲಿ ಹಿಡಿಯಬೇಕು. ಇನ್ನೊಂದು ಕೈಯ ನೆರವಿನಿಂದ ಅದನ್ನು ಮೇಲಕ್ಕೆತ್ತಿ, ನೋಯುವ ಕೈಯಿಂದ ಮೂರು ನಾಲ್ಕು ಸೆಕೆಂಡು ತೆಗೆದುಕೊಂಡು ಮೆಲ್ಲಗೆ ಇಳಿಸಬೇಕು. ತುಸು ನೋವಾದರೆ ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಹೊರೆ ಅತಿಯಾಯಿತೆಂದೇ ಅರ್ಥ. ಎಷ್ಟು ಸಲ, ಎಷ್ಟು ತೂಕ ಎಂಬುದನ್ನು ತಜ್ಞರು ಕೈ ನೋಡಿಯೇ ಹೇಳಬೇಕು. ಮುಂಗೈಗೆ ಕಟ್ಟುವ ಪಟ್ಟಿ ಕೆಲವರಿಗೆ ತಾತ್ಕಾಲಿಕ ಆರಾಮ ಕೊಡುತ್ತದೆ, ವ್ಯಾಯಾಮದ ಬದಲಿಗೆ ಅದು ಸಲ್ಲದು.

ಮೊಣಕೈಯ ಸುತ್ತ ಬರುವ ನೋವೆಲ್ಲ ಒಂದೇ ಅಲ್ಲ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ನರ ಒತ್ತಡದಲ್ಲಿರಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಮರಗಟ್ಟಿದರೆ ಮಣಿಕಟ್ಟಿನ ನರವನ್ನು ಪರೀಕ್ಷಿಸಬೇಕು. ಕೆಲವೊಮ್ಮೆ ಮೂಲ ಇನ್ನೂ ಮೇಲಿರುತ್ತದೆ. ಬ್ರಿಟನ್ನಿನ ರಾಕ್ ತಂಡ 'ಜೆನೆಸಿಸ್'ನ 2007ರ ಪ್ರವಾಸದ ನಂತರ ಅದರ ಗಾಯಕ, ಡ್ರಮ್ಮರ್ ಫಿಲ್ ಕಾಲಿನ್ಸ್ ಅವರ ಕೈಗಳು ಹಿಡಿತ ಕಳೆದುಕೊಂಡವು. ತೊಂದರೆ ಇದ್ದದ್ದು ಕತ್ತಿನ ಕಶೇರುಗಳಲ್ಲಿ. ಶಸ್ತ್ರಚಿಕಿತ್ಸೆಯ ನಂತರ, 2010ರ 'ಗೋಯಿಂಗ್ ಬ್ಯಾಕ್' ಆಲ್ಬಂಗೆ ಅವರು ಕಡ್ಡಿಯನ್ನು ಕೈಗೆ ಟೇಪ್‌ನಿಂದ ಸುತ್ತಿಕೊಂಡು ಬಾರಿಸಿದರು. ಕಡ್ಡಿ ಕೈಯಿಂದ ಜಾರುತ್ತಿದ್ದರೆ, ಜೋಮು ಬಿಡದಿದ್ದರೆ, ಕೀಲು ಊದಿದ್ದರೆ ಎಣ್ಣೆ ನೀವಿಸಿಕೊಂಡು ಕಾಯದೆ ವೈದ್ಯರನ್ನು ಕಾಣಲೇಬೇಕು.

ಆಸನ, ಕಡ್ಡಿ, ಅಭ್ಯಾಸ

ಕಡಿಮೆ ಶ್ರಮದಲ್ಲಿ ಜೋರು ನಾದ ತೆಗೆಯುವ ದಾರಿಯನ್ನು ವಾದಕರೇ ಬಹಳ ಹಿಂದೆ ಕಂಡುಕೊಂಡಿದ್ದರು. ಅಮೆರಿಕದ ಸ್ಯಾನ್‌ಫರ್ಡ್ ಮೊಲ್ಲರ್ ಅಲ್ಲಿನ ಅಂತರ್ಯುದ್ಧ ಕಾಲದ ಸೇನಾ ಡ್ರಮ್ಮರ್‌ಗಳ ಕೈಚಳಕವನ್ನು ಗಮನಿಸಿ 1925ರಲ್ಲಿ ಪುಸ್ತಕ ಬರೆದರು. ತೋಳಿನಿಂದ ಹುಟ್ಟಿದ ಬೀಸು ಮುಂಗೈ, ಮಣಿಕಟ್ಟುಗಳಲ್ಲಿ ಹರಿದು ಕಡ್ಡಿಯ ತುದಿಗೆ ತಲುಪುವ ಆ ವಿಧಾನವನ್ನು ಶಿಷ್ಯ ಜಿಮ್ ಚಾಪಿನ್ ಜಗತ್ತಿಗೆ ಹರಡಿದರು. ಇಲ್ಲಿ ಒಂದೇ ಕೀಲಿನ ಮೇಲೆ ಹೊರೆ ಕೂರುವುದಿಲ್ಲ.

ಉಳಿದದ್ದು ಜೋಡಣೆ. ಸೊಂಟ ಮಂಡಿಗಿಂತ ತುಸು ಮೇಲಿರುವಷ್ಟು ಆಸನದ ಎತ್ತರ, ಭುಜ ಎತ್ತದೆ ತಲುಪುವ ಸ್ನೇರ್, ಅಂಚಿಗೆ ನೇರ ಹೊಡೆತ ಬೀಳದಂತೆ ತುಸು ವಾಲಿದ ಸಿಂಬಲ್. ತೀರಾ ಸಪೂರ ಕಡ್ಡಿಯೂ ಬೆವರಿದ ಕೈಯೂ ಹಿಡಿತವನ್ನು ತಾವಾಗಿ ಬಿಗಿಗೊಳಿಸುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ನೆರೆಯವರಿಗೆ ತೊಂದರೆಯಾಗದಿರಲೆಂದು ಎಲೆಕ್ಟ್ರಾನಿಕ್ ಡ್ರಮ್ಸ್ ಕೊಳ್ಳುವವರು ಹೆಡ್‌ಫೋನಿನ ಸದ್ದನ್ನೂ ಗಮನಿಸಬೇಕು. ಅದು ತೀರಾ ಕಡಿಮೆಯಿದ್ದರೆ ಗಟ್ಟಿ ರಬ್ಬರಿನ ಮೇಲೆ ಕೈ ಗೊತ್ತಿಲ್ಲದೆ ಜೋರಾಗಿ ಬೀಳುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ಅಭ್ಯಾಸದ ಹಠಾತ್ ಏರಿಕೆ. ದಿನಕ್ಕೆ ಅರ್ಧ ಗಂಟೆ ಬಾರಿಸುವ ಹುಡುಗ ವಾದನ ಪರೀಕ್ಷೆಯ ವಾರದಲ್ಲಿ ನಾಲ್ಕು ಗಂಟೆ ಕೂತರೆ, ಗಣೇಶನ ಹಬ್ಬದ ಆರ್ಕೆಸ್ಟ್ರಾದವರು ಸಾಲುಸಾಲು ರಾತ್ರಿ ಬಾರಿಸಿದರೆ, ಸ್ನಾಯುವಿಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಅಭ್ಯಾಸವನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸುವುದು, ಶುರುವಿನ ಹತ್ತು ನಿಮಿಷ ನಿಧಾನಗತಿ, ನಡುನಡುವೆ ಕಡ್ಡಿ ಕೆಳಗಿಡುವ ವಿರಾಮ: ಇವಕ್ಕೆ ದುಡ್ಡು ಬೇಕಿಲ್ಲ.

ಕರ್ನಾಟಕದಲ್ಲಿ ಈ ಮಾತು ಡ್ರಮ್ಸ್ ತರಗತಿಗಳಿಗಷ್ಟೇ ಸೀಮಿತವಾಗಬಾರದು. ಯಕ್ಷಗಾನದ ಚೆಂಡೆ, ಡೊಳ್ಳು, ತಮಟೆ ಮೂರೂ ಕೋಲಿನ ವಾದ್ಯಗಳೇ. ಹೊರೆ ಬೀಳುವುದು ಅದೇ ಮುಂಗೈಗೆ, ಅದೇ ಮೊಣಕೈಗೆ. 2023ರಲ್ಲಿ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಸಂದಿತು. ಕಲೆಗೆ ಸಿಕ್ಕ ಆ ಗೌರವ ಕಲಾವಿದರ ಕೈಗಳಿಗೂ ಸಿಗಬೇಕು. ಬ್ರಿಟನ್ನಿನಲ್ಲಿ ಪ್ರದರ್ಶನ ಕಲಾವಿದರ ಆರೋಗ್ಯಕ್ಕೆಂದೇ 'ಬಾಪಾಮ್' ಎಂಬ ಸಂಸ್ಥೆ ತಜ್ಞರ ಸಲಹೆ ಒದಗಿಸುತ್ತದೆ. ನಮ್ಮಲ್ಲಿ ಮೇಳಗಳ ತಿರುಗಾಟಕ್ಕೆ ಮುನ್ನ, ಜಾನಪದ ತಂಡಗಳ ತರಬೇತಿ ಶಿಬಿರದಲ್ಲಿ, ಸಂಗೀತ ಶಾಲೆಗಳಲ್ಲಿ ವರ್ಷಕ್ಕೊಂದು ದಿನವಾದರೂ ಫಿಸಿಯೋಥೆರಪಿಸ್ಟ್ ಒಬ್ಬರು ಬಂದು ವಾದಕರ ಕೈ, ಕೂರುವ ಭಂಗಿ, ಕೋಲಿನ ಹಿಡಿತ ನೋಡುವ ಏರ್ಪಾಡು ಮಾಡಬಹುದು. ಸಂಘಟಕರು ಹಾಗೂ ಸಮೀಪದ ಫಿಸಿಯೋಥೆರಪಿ ಕಾಲೇಜುಗಳು ಕೈಜೋಡಿಸಿದರೆ ಇದನ್ನು ಬರುವ ಹಂಗಾಮಿನಿಂದಲೇ ಶುರು ಮಾಡಲು ಸಾಧ್ಯವಿದೆ.