ಹಳೆಯ ಮೋಟಾರ್‌ಹೋಮ್‌ನಲ್ಲಿ ಪೆಟ್ರೋಲ್ ವಾಸನೆ

ಅಮೆರಿಕದಲ್ಲಿ 1973ರಿಂದ 1978ರವರೆಗೆ ತಯಾರಾದ ಜಿಎಂಸಿ ಮೋಟಾರ್‌ಹೋಮ್‌ಗಳಲ್ಲಿ ಹಲವು ಇಂದಿಗೂ ಓಡುತ್ತಿವೆ. ಅಡುಗೆಮನೆ, ಹಾಸಿಗೆಗಳಿರುವ ಈ ಗಾಡಿಯ ನೆಲದಡಿಯೇ ಎರಡು ಪೆಟ್ರೋಲ್ ಟ್ಯಾಂಕ್‌ಗಳಿವೆ. ಎರಡೂ ಸೇರಿ ಸುಮಾರು 190 ಲೀಟರ್ ಹಿಡಿಯುತ್ತವೆ. ಒಳಗೆ ವಾಸನೆ ಬಂದರೆ ಮೊದಲು ನೋಡಬೇಕಾದದ್ದು ರಬ್ಬರ್ ಪೈಪುಗಳನ್ನು. ಆ ಕಾಲದ ರಬ್ಬರು ಎಥೆನಾಲ್ ಬೆರೆತ ಇಂದಿನ ಪೆಟ್ರೋಲನ್ನು ತಾಳದೆ ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ. ಟ್ಯಾಂಕ್ ಪೂರ್ತಿ ತುಂಬಿಸಿದಾಗ ಮಾತ್ರ ವಾಸನೆ ಬಂದರೆ ದೋಷ ಬಹುಪಾಲು ಮೇಲ್ಭಾಗದಲ್ಲಿರುತ್ತದೆ: ಪೆಟ್ರೋಲ್ ತುಂಬುವ ಕೊಳವೆ, ಆವಿ ಹೋಗುವ ಪೈಪು ಅಥವಾ ಮಟ್ಟ ತೋರಿಸುವ ಸೆಂಡರ್‌ನ ವಾಷರ್. ಇವು ಕೆಳಗಿನಿಂದ ಕಾಣುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ ಇಳಿಸಬೇಕು. ಅಷ್ಟು ಶ್ರಮಪಟ್ಟ ಮೇಲೆ ಸೋರುವ ಒಂದೇ ಪೈಪು ಬದಲಿಸುವುದು ತಪ್ಪು ಉಳಿತಾಯ. ಎಲ್ಲವನ್ನೂ ಎಥೆನಾಲ್ ತಾಳುವಂಥ ಹೊಸ ಪೈಪುಗಳಿಗೆ ಬದಲಾಯಿಸುವುದೇ ಸರಿ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ತಗ್ಗಿನಲ್ಲಿ ಹರಡಿ ದೂರದ ಕಿಡಿಗೂ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ರಿಪೇರಿ ಬಯಲಿನಲ್ಲಿ, ಬ್ಯಾಟರಿ ಕಳಚಿ, ಫ್ರಿಜ್‌ನ ಗ್ಯಾಸ್ ಜ್ವಾಲೆ ಆರಿಸಿ ನಡೆಯಬೇಕು. ವಾಸನೆ ಪೆಟ್ರೋಲಿನದಲ್ಲ, ಅಡುಗೆ ಗ್ಯಾಸಿನದು ಎನಿಸಿದರೆ ಅದರ ಜೋಡಣೆಗಳಿಗೆ ಸೋಪುನೀರು ಸವರಿ ನೋಡಬೇಕು; ಸೋರುವಲ್ಲಿ ಗುಳ್ಳೆ ಏಳುತ್ತದೆ. ಎಂಜಿನ್, ಜನರೇಟರ್‌ಗಳ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಮಾತ್ರ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಗುರುತಿಸುವ ಅಲಾರಂ ಇಲ್ಲದ ಗಾಡಿಯಲ್ಲಿ ಯಾರೂ ಮಲಗಬಾರದು.