ನೋವು ನೀಗಿಸುವವರ ಬೆನ್ನುನೋವು

ಬೆನ್ನಿನ ಎಲುಬು, ಸ್ನಾಯುಗಳ ರಚನೆ ಫಿಸಿಯೋಥೆರಪಿಸ್ಟ್‌ಗಳಿಗೆ ಬಾಯಿಪಾಠ. ಹೇಗೆ ಕೂರಬೇಕು, ಭಾರ ಹೇಗೆ ಎತ್ತಬೇಕು ಎಂದು ದಿನವಿಡೀ ಹೇಳಿಕೊಡುವವರೂ ಅವರೇ. ಆದರೂ 2000ದಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಮೀಕ್ಷೆಯೊಂದರಲ್ಲಿ ನೂರಕ್ಕೆ 91 ಮಂದಿ, ಕೆಲಸದಿಂದಾಗಿ ಸ್ನಾಯು-ಕೀಲುಗಳ ತೊಂದರೆ ಕಂಡಿದ್ದಾಗಿ ಹೇಳಿದರು. ಸುಮಾರು ಆರರಲ್ಲಿ ಒಬ್ಬರು ಅದೇ ಕಾರಣಕ್ಕೆ ವೃತ್ತಿ ಬಿಟ್ಟಿದ್ದರು, ಇಲ್ಲವೇ ಅದರೊಳಗೇ ಬೇರೆ ಕೆಲಸ ಹಿಡಿದಿದ್ದರು. ತಿಳಿವಳಿಕೆಯೊಂದೇ ಮೈ ಕಾಯುವುದಿಲ್ಲ.

ಹೆಚ್ಚು ನೋಯುವುದು ಸೊಂಟ. ಲೆಕ್ಕ ಸರಳ. ತಗ್ಗಾದ ಮಂಚದ ಮೇಲೆ ಮಲಗಿದ ರೋಗಿಯತ್ತ ಬಾಗಿದಾಗ, ಸೊಂಟದ ಮೇಲಿನ ದೇಹದ ಭಾರ ಸುಮಾರು 30 ಕಿಲೋ ಎನ್ನೋಣ. ಅದು ಬೆನ್ನೆಲುಬಿನಿಂದ 20 ಸೆಂಟಿಮೀಟರ್ ಮುಂದಕ್ಕೆ ಜರುಗಿರುತ್ತದೆ. ಅದನ್ನು ಹಿಂದಿನಿಂದ ಹಿಡಿದಿಡಬೇಕಾದ ಸ್ನಾಯುಗಳಾದರೋ ಎಲುಬಿನಿಂದ ಬರೀ 5 ಸೆಂಟಿಮೀಟರ್ ದೂರದಲ್ಲಿವೆ. ಹಾಗಾಗಿ ಅವು ನಾಲ್ಕು ಪಟ್ಟು, ಅಂದರೆ 120 ಕಿಲೋ ಬಲ ಹಾಕಬೇಕು. ರೋಗಿಯನ್ನು ಇನ್ನೂ ಮುಟ್ಟಿಯೇ ಇಲ್ಲ!

ಬಾಗಿ ಹಾಗೇ ನಿಲ್ಲುವುದು ಇನ್ನೂ ಕೆಟ್ಟದ್ದು. ನಡೆಯುವಾಗ ಸ್ನಾಯು ಬಿಗಿದು ಸಡಿಲವಾಗುತ್ತದೆ, ಆ ಬಿಡುವಿನಲ್ಲಿ ರಕ್ತ ನುಗ್ಗುತ್ತದೆ. ಬಿಗಿದೇ ಇದ್ದರೆ ಒಳಗಿನ ಒತ್ತಡ ರಕ್ತನಾಳಗಳನ್ನು ಅದುಮುತ್ತದೆ. ಆಮ್ಲಜನಕ ಸಾಲದು, ತ್ಯಾಜ್ಯ ಹೊರಹೋಗದು. ಆಗ ಚರ್ಮದ ಮೇಲಿಟ್ಟ ವಿದ್ಯುದ್ವಾರಗಳಲ್ಲಿ ಸ್ನಾಯುವಿನ ವಿದ್ಯುತ್ ಸಂಕೇತ ನೋಡಿದರೆ ಅದರ ಆವರ್ತನ ಇಳಿಯುತ್ತಾ ಹೋಗುತ್ತದೆ. ನೋವು ಬರುವ ಮೊದಲೇ ದಣಿವು ಅಳತೆಗೆ ಸಿಗಬಲ್ಲದು.

ಹಗುರ ಕೆಲಸವೆಂದೂ ನಂಬುವಂತಿಲ್ಲ. ಸ್ವೀಡನ್ನಿನ ಸಂಶೋಧಕ ಯೋರಾನ್ ಹೆಗ್ 1991ರಲ್ಲಿ ಮಂಡಿಸಿದ ವಾದ ನನಗೆ ಬಹಳ ಮುಖ್ಯವೆನಿಸುತ್ತದೆ: ಸ್ನಾಯುವಿನ ಚಿಕ್ಕ ಎಳೆಗಳು ಎಲ್ಲಕ್ಕಿಂತ ಮೊದಲು ಕೆಲಸಕ್ಕಿಳಿದು ಕೊನೆಗೆ ವಿಶ್ರಮಿಸುತ್ತವೆ, ಅಲ್ಪ ಬಲದ ಕೆಲಸವೂ ಗಂಟೆಗಟ್ಟಲೆ ನಡೆದರೆ ಅವೇ ಸವೆಯುತ್ತವೆ. ಕುತ್ತಿಗೆ, ಹೆಗಲಿನ ನೋವಿಗೆ ಇದು ಒಳ್ಳೆಯ ವಿವರಣೆ.

ಹೆಬ್ಬೆರಳಿನ ಕಥೆ ಬೇರೆ. ತುದಿಯಲ್ಲಿ 1 ಕಿಲೋ ಬಲದಿಂದ ಚಿವುಟಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಬೀಳುತ್ತದೆ. ಅದಕ್ಕೇ ಒತ್ತುವ ಕೆಲಸಕ್ಕೆ ಅಂಗೈ, ಮೊಣಕೈ ಬಳಸುವುದು ಲೇಸು.

ಮಂಚ ಏರಿಳಿಯುವಂತಿದ್ದರೆ ಅರ್ಧ ತೊಂದರೆ ಕಡಿಮೆ ಎನ್ನುವುದು ನನ್ನ ಅಭಿಪ್ರಾಯ. ಮೈಭಾರ ಹಾಕಿ ಒತ್ತಲು ತಗ್ಗು, ನಯವಾದ ಕೈಕೆಲಸಕ್ಕೆ ಮೊಣಕೈ ಹತ್ತಿರದ ಎತ್ತರ. ಕ್ಲಿನಿಕ್ ತೆರೆಯುವವರು ದುಬಾರಿ ಯಂತ್ರಗಳಿಗಿಂತ ಮೊದಲು ಅಂಥ ಮಂಚ ಕೊಳ್ಳಲಿ. ನಿಮ್ಮ ಥೆರಪಿಸ್ಟ್ "ಸ್ವಲ್ಪ ಈ ಅಂಚಿಗೆ ಬನ್ನಿ" ಎಂದರೆ ದಯವಿಟ್ಟು ಸರಿಯಿರಿ. ಅವರು ಬಾಗಬೇಕಾದ ದೂರ ಅಷ್ಟು ಕಡಿಮೆಯಾಗುತ್ತದೆ.