ಬೆಂಕಿ ಇರುವಲ್ಲಿ ಗಾಳಿಗೆ ಎರಡು ದಾರಿ ಬೇಕು

ಬಚ್ಚಲೊಲೆಯ ಹೊಗೆ ಕಣ್ಣಿಗೆ ಹೊಡೆದರೆ ನಾವು ಬಾಗಿಲು ತೆರೆಯುತ್ತೇವೆ, ಒಲೆಗೆ ಬೈಯುತ್ತೇವೆ, ಹೊರಗೆ ಬರುತ್ತೇವೆ. ಹೊಗೆ ಕಾಣದಿದ್ದರೆ ಅಪಾಯವೂ ಇಲ್ಲ ಅಂತ ನಂಬಿಕೆ. ಆದರೆ ಒಲೆಯಿಂದ ಬರುವ ಅತಿ ಕೆಟ್ಟ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದರಿಂದ ಕಣ್ಣೂ ಉರಿಯುವುದಿಲ್ಲ. ಅದು ಕಾರ್ಬನ್ ಮೊನಾಕ್ಸೈಡ್. ಸೌದೆ, ಗೆರಟೆ, ಇದ್ದಿಲು, ಗ್ಯಾಸ್, ಡೀಸೆಲ್ ಯಾವುದೇ ಇರಲಿ, ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಇದು ಹುಟ್ಟುತ್ತದೆ.

ನಮ್ಮ ಹಿರಿಯರ ಬಚ್ಚಲಿನಲ್ಲಿ ಇದರ ಭಯ ಕಡಿಮೆ ಇತ್ತು. ಬಚ್ಚಲು ಮನೆಯಿಂದ ಬೇರೆಯಾಗಿರುತ್ತಿತ್ತು. ಮಾಡಿಗೆ ಸೋಗೆ ಅಥವಾ ಹಂಚು. ಗೋಡೆಗೂ ಮಾಡಿಗೂ ನಡುವೆ ಒಂದು ಮೊಳ ಸಂದು. ಹೊಗೆ ತನ್ನಷ್ಟಕ್ಕೇ ಹೋಗುತ್ತಿತ್ತು, ಗಾಳಿ ಬಾಗಿಲಿನ ಕೆಳಗಿನಿಂದ ಬರುತ್ತಿತ್ತು. ಈಗ ಅದೇ ಒಲೆಯನ್ನು ಮನೆಯೊಳಗೆ ತಂದಿದ್ದೇವೆ. ಮೇಲೆ ಸ್ಲ್ಯಾಬ್, ಗೋಡೆಗೆ ಟೈಲ್ಸ್, ಕಿಟಕಿಗೆ ಗಾಜು, ಬಾಗಿಲಿಗೆ ಸಂದೇ ಇಲ್ಲದ ಫೈಬರ್ ಹಲಗೆ. ಬಚ್ಚಲು ಚಂದ ಆಯಿತು. ಗಾಳಿಯ ಎರಡೂ ದಾರಿ ಮುಚ್ಚಿತು.

ನಮ್ಮೂರಿನ ಒಂದು ಮನೆ

ನಮ್ಮ ಊರಿನಲ್ಲಿ ಹೀಗೆ ಹೊಸದಾಗಿ ಕಟ್ಟಿದ ಒಂದು ಬಚ್ಚಲು ಉಂಟು. ಹಂಡೆಯ ಒಲೆಯ ಬಾಯಿ ಒಳಗೇ ಇತ್ತು. ಹೊಗೆಯ ಪೈಪು ಎರಡು ಕಡೆ ಬಾಗಿ, ಮನೆಯ ಮಾಡಿನ ಅಂಚಿಗಿಂತ ಕೆಳಗೇ ನಿಂತಿತ್ತು. ಆ ಮನೆಯವರಿಗೆ ವಾರಕ್ಕೊಮ್ಮೆ, ಎಣ್ಣೆಸ್ನಾನದ ದಿನ, ತಲೆನೋವು ಮತ್ತು ವಾಕರಿಕೆ. ಪಿತ್ತ ಅಂತ ಕಷಾಯ ಕುಡಿದರು. ಕನ್ನಡಕ ಬದಲಿಸಿದವರೂ ಇದ್ದಾರೆ.

ಆಟಿಯ ಒಂದು ಸಂಜೆ ಜೋರು ಗಾಳಿಮಳೆ. ಚಳಿಗೆ ಕಿಟಕಿ ಭದ್ರ ಮಾಡಿ ಆ ಮನೆಯ ಸೊಸೆ ಸ್ನಾನಕ್ಕೆ ಹೋದರು. ನೀರಿನ ಸದ್ದು ನಿಂತು ಸುಮಾರು ಹೊತ್ತಾದರೂ ಹೊರಗೆ ಬರಲಿಲ್ಲ. ಅತ್ತೆ ಕರೆದರೆ ಉತ್ತರ ಇಲ್ಲ. ಬಾಗಿಲು ಒಡೆದು ನೋಡುವಾಗ ನೆಲದಲ್ಲಿ ಬಿದ್ದಿದ್ದರು. ನಾವು ನಾಲ್ಕು ಮಂದಿ ಸೇರಿ ಜಗಲಿಗೆ ತಂದು, ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಮನೆಯಲ್ಲಿ ಬೇರೆಯವರಿಗೂ ತಲೆನೋವು ಬರ್ತದಾ? ಹೊರಗೆ ಹೋದರೆ ಕಡಿಮೆ ಆಗ್ತದಾ?" ಎರಡಕ್ಕೂ ಹೌದು ಅಂತ ಉತ್ತರ. ಕೂಡಲೇ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಜೀವ ಉಳಿಯಿತು.

ಆ ಎರಡು ಪ್ರಶ್ನೆಗಳನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು. ಒಂದೇ ಮನೆಯ ಹಲವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ. ಜ್ವರ ಮಾತ್ರ ಇಲ್ಲ. ತೋಟಕ್ಕೆ ಹೋದರೆ ಹಗುರ. ಹೀಗಿದ್ದರೆ ಕಷಾಯಕ್ಕಿಂತ ಮೊದಲು ಒಲೆಯ ಪೈಪು ನೋಡಿ.

ರಕ್ತದಲ್ಲಿ ಏನಾಗುತ್ತದೆ?

ಉಸಿರಿನ ಆಮ್ಲಜನಕವನ್ನು ಮೈಯೆಲ್ಲ ಹೊತ್ತು ತಿರುಗುವುದು ರಕ್ತದ ಹಿಮೋಗ್ಲೋಬಿನ್. ಕಾರ್ಬನ್ ಮೊನಾಕ್ಸೈಡ್ ಇದಕ್ಕೆ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟೆಲ್ಲ ಬೇರೆಯವರು ಹಿಡಿದ ಹಾಗೆ. ಗಾಳಿಯಲ್ಲಿ ಆಮ್ಲಜನಕ ಇದ್ದರೂ ಮೆದುಳಿಗೆ, ಹೃದಯಕ್ಕೆ ತಲಪುವುದಿಲ್ಲ. ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಇದನ್ನು 1850ರ ದಶಕದಲ್ಲೇ ಕಂಡುಕೊಂಡಿದ್ದರು.

ಎಷ್ಟಿದ್ದರೆ ಅಪಾಯ? ಹತ್ತು ಲಕ್ಷ ಪಾಲು ಗಾಳಿಯಲ್ಲಿ 200 ಪಾಲು ಇದ್ದರೆ ಎರಡು ಮೂರು ಗಂಟೆಯಲ್ಲಿ ತಲೆನೋವು ಶುರು. 800 ಪಾಲು ಇದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆಸುತ್ತು, ವಾಕರಿಕೆ. 1,600 ಆದರೆ ಇಪ್ಪತ್ತೇ ನಿಮಿಷ ಸಾಕು, ಒಂದೆರಡು ಗಂಟೆಯಲ್ಲಿ ಸಾವು. 12,800, ಅಂದರೆ ನೂರರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು ಇದ್ದರೆ, ಎರಡು ಮೂರು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಮೊದಲು ಸೋಲುವುದು ಬುದ್ಧಿ ಮತ್ತು ಕಾಲು. ಬಾಗಿಲು ತೆರೆಯಬೇಕು ಅಂತ ಹೊಳೆಯುವಾಗ ಏಳಲಿಕ್ಕೆ ಆಗುವುದಿಲ್ಲ. ಮಕ್ಕಳಿಗೆ, ಬಸುರಿಯರಿಗೆ, ಹೃದಯದ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ.

ಒಲೆಗೆ ಬೇಕಾದ ಗಾಳಿಯ ಲೆಕ್ಕ

ಐದು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿ ಇರುವುದು ಸುಮಾರು 8 ಘನ ಮೀಟರ್ ಗಾಳಿ. ಒಂದು ಕಿಲೋ ಸೌದೆ ಪೂರ್ತಿ ಉರಿಯಲಿಕ್ಕೆ ನಾಲ್ಕೈದು ಘನ ಮೀಟರ್ ಗಾಳಿ ಬೇಕು. ಎರಡು ಕಿಲೋ ಸೌದೆಗೆ ಬಚ್ಚಲಿನ ಗಾಳಿಯೆಲ್ಲ ಲೆಕ್ಕಕ್ಕೆ ಮುಗಿಯಿತು. ಅಷ್ಟರವರೆಗೆ ಕಾಯಬೇಕಾಗಿಯೂ ಇಲ್ಲ. ಗಾಳಿಯ ಆಮ್ಲಜನಕ 21 ಶೇಕಡದಿಂದ ಎರಡು ಮೂರು ಶೇಕಡ ಇಳಿದರೆ ಸಾಕು, ಉರಿ ಕೆಟ್ಟು ವಿಷ ಹೆಚ್ಚುತ್ತದೆ.

ಗ್ಯಾಸ್ ಗೀಸರ್ ಇನ್ನೂ ಹೊಟ್ಟೆಬಾಕ. ಒಂದು ಕಿಲೋ ಗ್ಯಾಸಿಗೆ ಸುಮಾರು 13 ಘನ ಮೀಟರ್ ಗಾಳಿ ಬೇಕು. ಸಾಮಾನ್ಯ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಒಂದು ಕಿಲೋದ ಹತ್ತಿರ ಉರಿಸುತ್ತದೆ. ಕಾಲು ಗಂಟೆಯ ಸ್ನಾನಕ್ಕೆ ಮೂರು ಘನ ಮೀಟರ್ ಗಾಳಿ ಹೋಯಿತು. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದರೆ ಕೊನೆಯವರಿಗೆ ಉಳಿಯುವುದೇನು? ಗ್ಯಾಸ್ ಸೋರಿದರೆ ವಾಸನೆ ಗೊತ್ತಾಗುತ್ತದಲ್ಲ ಅಂತ ಕೆಲವರು ವಾದಿಸುತ್ತಾರೆ. ವಾಸನೆ ಬರುವುದು ಉರಿಯದ ಗ್ಯಾಸಿಗೆ. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ವಾಸನೆ ಇಲ್ಲ.

ಗೀಸರ್ ಹಾಕುವುದಾದರೆ ಬಚ್ಚಲಿನ ಹೊರಗೋಡೆಗೆ, ಗಾಳಿಯಾಡುವಲ್ಲಿ ಹಾಕಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಉರಿ ನೀಲಿ ಇರಬೇಕು. ಹಳದಿಗೆ ತಿರುಗಿದರೆ, ಗೀಸರಿನ ಮೇಲೆ ಮಸಿ ಹಿಡಿದರೆ, ಬಳಸುವುದು ನಿಲ್ಲಿಸಿ ರಿಪೇರಿ ಮಾಡಿಸಿ.

ಬಚ್ಚಲೊಲೆಯಲ್ಲಿ ಏನು ನೋಡಬೇಕು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ನಮಗೆ ಅಸ್ತ್ರ ಒಲೆ ಕೊಟ್ಟಿತು. ಸೌದೆ ಉಳಿತಾಯ ಅಂತ ಅದಕ್ಕೆ ಹೆಸರು. ಅದರ ಹೊಗೆಕೊಳವೆಯ ಉಪಕಾರ ಅಷ್ಟೇ ದೊಡ್ಡದು. ಆದರೆ ಕೊಳವೆ ಇದ್ದ ಮಾತ್ರಕ್ಕೆ ಆಗಲಿಲ್ಲ, ಅದು ಎಳೆಯಬೇಕು. ನಾನು ನಮ್ಮ ಮನೆಯಲ್ಲಿ ಪಾಲಿಸುವುದು ಇಷ್ಟು:

1. ಒಲೆಯ ಬಾಯಿ ಬಚ್ಚಲಿನ ಹೊರಗೆ ಇರಲಿ. ಹಂಡೆ ಒಳಗೆ, ಬೆಂಕಿ ಹೊರಗೆ. ಹೊಸತಾಗಿ ಕಟ್ಟುವವರಿಗೆ ಇದೇ ಅತಿ ಒಳ್ಳೆಯ ದಾರಿ. ಹಂಡೆಯ ಸುತ್ತಿನ ಸಂದನ್ನು ಗಾರೆಯಿಂದ ಸರಿಯಾಗಿ ಮುಚ್ಚಬೇಕು.

2. ಪೈಪು ನೆಟ್ಟಗೆ ಏರಲಿ. ಬಾಗು ಹೆಚ್ಚಾದಷ್ಟೂ ಎಳೆತ ಕಡಿಮೆ. ತುದಿ ಮಾಡಿನ ಕೋಡಿಗಿಂತ ಎರಡು ಮೂರು ಅಡಿ ಮೇಲಿರಲಿ. ಇಲ್ಲದಿದ್ದರೆ ಗಾಳಿ ಮಾಡಿಗೆ ಬಡಿದು ಹೊಗೆಯನ್ನು ಹಿಂದೆ ನೂಕುತ್ತದೆ.

3. ಮಳೆಗೆ ಟೋಪಿ ಬೇಕು, ಆದರೆ ಪೈಪಿನ ಬಾಯಿಗೂ ಟೋಪಿಗೂ ನಡುವೆ ಧಾರಾಳ ಸಂದು ಇರಲಿ. ಮಳೆಗಾಲಕ್ಕೆ ಮೊದಲೊಮ್ಮೆ, ನಂತರ ಒಮ್ಮೆ ಮಸಿ ತೆಗೆಯಿರಿ. ಹಕ್ಕಿಗೂಡು, ಕಣಜದ ಗೂಡು ಉಂಟಾ ನೋಡಿ.

4. ಒಲೆಯ ಬಾಯಿ ಒಳಗೇ ಇದ್ದರೆ ನೆಲದ ಹತ್ತಿರ ಒಂದು, ಮಾಡಿನ ಹತ್ತಿರ ಒಂದು, ಮುಚ್ಚಲಿಕ್ಕೆ ಆಗದ ಕಿಂಡಿ ಬಿಡಿ. ಕೆಳಗಿನದು ಗಾಳಿ ಬರಲಿಕ್ಕೆ. ಮೇಲಿನದು ತಪ್ಪಿಸಿಕೊಂಡ ಹೊಗೆ ಹೋಗಲಿಕ್ಕೆ.

5. ಎಕ್ಸಾಸ್ಟ್ ಫ್ಯಾನ್ ಹಾಕಿದ್ದೇನೆ, ಹೆದರಿಕೆ ಇಲ್ಲ ಅನ್ನಬೇಡಿ. ಒಳಗೆ ಗಾಳಿ ಬರುವ ದಾರಿ ಇಲ್ಲದಿದ್ದರೆ ಆ ಫ್ಯಾನ್ ಗಾಳಿಯನ್ನು ಹೊಗೆಕೊಳವೆಯಿಂದಲೇ ಎಳೆಯುತ್ತದೆ. ಹೊರಗೆ ಹೋಗಬೇಕಾದ ವಿಷ ಒಳಗೆ ಬರುತ್ತದೆ.

ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಒಲೆ ಉರಿಯುವಾಗ ಬಾಗಿಲು, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಊದುಬತ್ತಿಯನ್ನು ಒಲೆಬಾಯಿಯ ಹತ್ತಿರ ಹಿಡಿಯಿರಿ. ಹೊಗೆ ಒಲೆಯೊಳಗೆ ಎಳೆದುಕೊಂಡರೆ ಪೈಪು ಕೆಲಸ ಮಾಡುತ್ತಿದೆ. ಹೊರಗೆ ತಳ್ಳಿದರೆ ಕೂಡಲೇ ಬಾಗಿಲು ತೆರೆದು ಬನ್ನಿ, ಸರಿಪಡಿಸದೆ ಅಲ್ಲಿ ಸ್ನಾನ ಬೇಡ.

ಅಳವಡಿಸುವಾಗಿನ ಸಣ್ಣ ಉದಾಸೀನ ಎಷ್ಟು ದುಬಾರಿ ಅನ್ನುವುದಕ್ಕೆ ದೂರದ ಒಂದು ಉದಾಹರಣೆ. ಅಮೆರಿಕದ ಹೆಸರಾಂತ ಟೆನಿಸ್ ಆಟಗಾರ ವಿಟಾಸ್ ಗೆರುಲೈಟಿಸ್ 1994ರ ಸೆಪ್ಟೆಂಬರಿನಲ್ಲಿ ಗೆಳೆಯರ ಮನೆಯ ಅತಿಥಿಗೃಹದಲ್ಲಿ ಮಲಗಿದ್ದಲ್ಲೇ ತೀರಿಕೊಂಡರು. ಈಜುಕೊಳದ ನೀರು ಕಾಯಿಸುವ ಹೀಟರಿನ ಹೊಗೆಕೊಳವೆಯನ್ನು ಸರಿಯಾಗಿ ಅಳವಡಿಸಿರಲಿಲ್ಲ. ಅದರ ಅನಿಲ ಅವರ ಕೋಣೆಗೆ ನುಗ್ಗಿತ್ತು. ವಯಸ್ಸು 40.

ಡ್ರೈಯರ್, ಕೆಂಡ, ಬಾವಿ

ಬಚ್ಚಲಿನ ಮಾತೇ ಅಡಿಕೆ, ಕೊಬ್ಬರಿ, ಏಲಕ್ಕಿಯ ಡ್ರೈಯರಿಗೂ ಸಲ್ಲುತ್ತದೆ. ಇವುಗಳಲ್ಲಿ ಬೆಂಕಿಯ ಹೊಗೆ ತಗಡಿನ ಕೊಳವೆಯೊಳಗೆ ಸುತ್ತಿ ಹೊರಗೆ ಹೋಗುತ್ತದೆ, ಕೊಳವೆಯ ಬಿಸಿ ಮಾತ್ರ ಕೋಣೆಗೆ. ತಗಡು ತುಕ್ಕು ಹಿಡಿದು ತೂತಾದರೆ ಹೊಗೆಯೂ ಕೋಣೆಗೆ. ಸೀಸನ್ನಿಗೆ ಮೊದಲು, ರಾತ್ರಿ ದೀಪ ಆರಿಸಿ, ತಣ್ಣಗಿರುವ ಕೊಳವೆಯೊಳಗೆ ಟಾರ್ಚ್ ಹಾಕಿ. ಹೊರಗೆ ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ತೂತು. ಅಡಿಕೆ ತಿರುವಲಿಕ್ಕೆ ಒಳಗೆ ಹೋಗುವ ಮೊದಲು ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಡಬೇಕು. ಒಬ್ಬರೇ ಹೋಗಬಾರದು. ಡ್ರೈಯರಿನ ಒಳಗೆ ಬೆಚ್ಚಗಿರುತ್ತದೆ ಅಂತ ಕೆಲಸದವರು ಮಲಗಲಿಕ್ಕೆ ಯಾವತ್ತೂ ಬಿಡಬೇಡಿ.

ಹೊಗೆಯಾಡದ ಕೆಂಡ ನಿರಪಾಯ ಅನ್ನುವುದೂ ತಪ್ಪು. ಇದ್ದಿಲಿನ ಕೆಂಡ ಉರಿಯುವ ಸೌದೆಗಿಂತ ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಕೊಡುತ್ತದೆ. ಬಾಣಂತಿ ಕೋಣೆಯಲ್ಲಿ ರಾತ್ರಿಯಿಡೀ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕುವ ಕ್ರಮ ಬಿಡಲೇಬೇಕು. ಕೋಳಿಮರಿಗಳ ಗೂಡಿಗೂ ಅಷ್ಟೇ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟ್ ಒಂದರಲ್ಲಿ ಕೇರಳದ ಎಂಟು ಮಂದಿ ಪ್ರವಾಸಿಗರು ಒಂದೇ ಕೋಣೆಯಲ್ಲಿ ತೀರಿಕೊಂಡರು. ಚಳಿಗೆ ಬಾಗಿಲು ಕಿಟಕಿ ಹಾಕಿ ಗ್ಯಾಸ್ ಹೀಟರ್ ಉರಿಸಿದ್ದರು. ಅವರಲ್ಲಿ ಮಕ್ಕಳೂ ಇದ್ದರು.

ಬಾವಿಗೆ ಡೀಸೆಲ್ ಅಥವಾ ಪೆಟ್ರೋಲ್ ಪಂಪು ಇಳಿಸಿ ಓಡಿಸುವುದು ಇನ್ನೂ ಅಪಾಯ. ಎಂಜಿನಿನ ಹೊಗೆ ಬಾವಿಯಲ್ಲೇ ನಿಲ್ಲುತ್ತದೆ. ಪಂಪು ಯಾಕೆ ನಿಂತಿತು ಅಂತ ನೋಡಲಿಕ್ಕೆ ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲಿಕ್ಕೆ ಇಳಿದವನೂ ಬೀಳುತ್ತಾನೆ. ಎಂಜಿನ್ ಮೇಲೆಯೇ ಇರಲಿ.

ಎಚ್ಚರಿಸುವ ಸಾಧನ

ಬ್ರಿಟನ್ನಿನ ಕಲ್ಲಿದ್ದಲು ಗಣಿಯವರು ಪಂಜರದಲ್ಲಿ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದರು. ಹಕ್ಕಿ ಮೊದಲು ಬಿದ್ದರೆ ಮನುಷ್ಯರು ಓಡಿ ಬರುತ್ತಿದ್ದರು. 1986ರಲ್ಲಿ ಹಕ್ಕಿಯ ಬದಲಿಗೆ ಯಂತ್ರ ತರುವ ತೀರ್ಮಾನ ಆಯಿತು. ಈಗ ಅಂಗೈಯಗಲದ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮನೆಬಳಕೆಗೂ ಸಿಗುತ್ತದೆ. ಹೊಗೆಯ ಅಲಾರಂ, ಗ್ಯಾಸ್ ಸೋರಿಕೆಯ ಅಲಾರಂ ಬೇರೆ. ಅವು ಇದನ್ನು ಹಿಡಿಯುವುದಿಲ್ಲ. ಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ. ಇದರ ಸೆನ್ಸರಿಗೂ ಆಯುಸ್ಸು ಉಂಟು. ಪೆಟ್ಟಿಗೆಯ ಮೇಲೆ ಬರೆದ ವರ್ಷ ಮುಗಿದ ಮೇಲೆ ಬದಲಿಸಬೇಕು. ಅಲಾರಂ ಇದೆ ಅಂತ ಕಿಂಡಿ ಮುಚ್ಚಬಾರದು.

ಯಾರಾದರೂ ಬಿದ್ದರೆ

ಮೊದಲು ಬಾಗಿಲು ಕಿಟಕಿ ತೆರೆಯಿರಿ. ಉಸಿರು ಬಿಗಿಹಿಡಿದು ಒಳಗೆ ಹೋಗಿ, ಬಿದ್ದವರನ್ನು ಬಯಲಿಗೆ ಎಳೆದು ತನ್ನಿ. ಬಾವಿಗಾದರೆ ಹೀಗೆ ಇಳಿಯಲೇ ಬೇಡಿ, ಅಗ್ನಿಶಾಮಕದವರನ್ನು ಕರೆಯಿರಿ. ಉಸಿರಾಟ ಇದ್ದರೆ ಮಗ್ಗುಲಿಗೆ ಮಲಗಿಸಿ. ಉಸಿರು ನಿಂತಿದ್ದರೆ, ಗೊತ್ತಿರುವವರು ಕೃತಕ ಉಸಿರಾಟ ಕೊಟ್ಟು ಎದೆ ಒತ್ತಬೇಕು. ಬಾಯಿಗೆ ನೀರು, ಲಿಂಬೆರಸ ಏನೂ ಹಾಕಬಾರದು. 108ಕ್ಕೆ ಫೋನ್ ಮಾಡಿ.

ಡಾಕ್ಟರರಿಗೆ "ಒಲೆಯ ಗಾಳಿ ಕುಡಿದದ್ದು, ಕಾರ್ಬನ್ ಮೊನಾಕ್ಸೈಡ್ ಇರಬಹುದು" ಅಂತ ನೀವೇ ಹೇಳಿ. ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ವಿಷ ಹಿಡಿದ ರಕ್ತವನ್ನೂ ಅದು ಒಳ್ಳೆಯ ರಕ್ತ ಅಂತ ಓದಿ 98 ತೋರಿಸಬಹುದು. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧ ಇಳಿಯಲಿಕ್ಕೆ ನಾಲ್ಕರಿಂದ ಆರು ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಒಳಗೆ ಅಷ್ಟು ಇಳಿಯುತ್ತದೆ. ಆದ್ದರಿಂದ ಎಚ್ಚರ ಬಂತಲ್ಲ ಅಂತ ಮನೆಯಲ್ಲೇ ಮಲಗಿಸಬಾರದು. ಕೆಲವರಿಗೆ ವಾರಗಳ ನಂತರ ಮರೆವು, ನಡಿಗೆಯ ತೊಂದರೆ ಕಾಣಿಸಿಕೊಳ್ಳುವುದುಂಟು.

ನಾನು ಹೇಳಿದ ಆ ಬಚ್ಚಲನ್ನು ಆಮೇಲೆ ಎರಡೇ ದಿನದಲ್ಲಿ ಸರಿ ಮಾಡಿದರು. ಒಲೆಯ ಬಾಯಿಯನ್ನು ಹೊರಗೋಡೆಗೆ ತಿರುಗಿಸಿದರು, ಪೈಪು ನೆಟ್ಟಗೆ ಏರಿಸಿದರು, ಗೋಡೆಯಲ್ಲಿ ಎರಡು ಕಿಂಡಿ ತೆರೆದರು. ಸ್ವಲ್ಪ ಸಿಮೆಂಟು, ನಾಲ್ಕು ಇಟ್ಟಿಗೆ, ಒಂದು ಉದ್ದ ಪೈಪು, ಒಬ್ಬ ಮೇಸ್ತ್ರಿಯ ಕೆಲಸ. ನಿಮ್ಮ ಬಚ್ಚಲಿಗೂ ಮಳೆ ಹಿಡಿಯುವ ಮೊದಲು ಒಂದು ಊದುಬತ್ತಿ ಹಿಡಿದು ನೋಡಿ.